ಸತ್ಯಾಂಶ: ಹಳೆಯ ಕಾರು ಜರ್ಕ್ ಹೊಡೆದರೆ ಇಂಜೆಕ್ಟರೇ ಕೆಟ್ಟಿದೆಯಾ?

“ಹಳೆಯ ಪೆಟ್ರೋಲ್ ಕಾರು ಜರ್ಕ್ ಹೊಡೆಯುತ್ತಿದೆಯಾ? ಇಂಜೆಕ್ಟರ್ ಕಟ್ಟಿಕೊಂಡಿದೆ, ಎಲ್ಲವನ್ನೂ ಬದಲಿಸಿ.” ಹೀಗೊಂದು ಮೆಸೇಜ್ ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಇಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕಟ್ಟಿಕೊಳ್ಳುವುದುಂಟು, ನಿಜ. ಆದರೆ ಮೊದಲು ಅದನ್ನೇ ಬದಲಿಸಲು ಹೊರಡುವುದು ಸರಿಯಲ್ಲ. ಸುಮ್ನೆ ದುಡ್ಡು ಹೋಗುತ್ತದೆ.

ಇಂಜೆಕ್ಟರ್ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೇಳಿದಷ್ಟು ಹೊತ್ತು, ಅಂದರೆ ಕೆಲವೇ ಮಿಲಿಸೆಕೆಂಡ್, ತೆರೆದು ಮುಚ್ಚುತ್ತದೆ. ಇಸಿಯುಗೇ ತಪ್ಪು ಲೆಕ್ಕ ಸಿಕ್ಕರೆ ಹೊಸ ಇಂಜೆಕ್ಟರ್ ಏನು ಮಾಡೀತು?

ಹಳೆಯ ಕಾರಿನಲ್ಲಿ ನಾನು ಮೊದಲು ನೋಡುವುದು ಇಂಜಿನ್‌ಗೆ ಗಾಳಿ ಹೋಗುವ ದಾರಿಯ ರಬ್ಬರ್ ಪೈಪುಗಳನ್ನು. ಬಿಸಿಗೆ ಒಣಗಿ ಬಿರುಕು ಬಿಡುತ್ತವೆ. ಅಲ್ಲಿಂದ ನುಗ್ಗುವ ಗಾಳಿ, ಒಳಬರುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್‌ನ ಲೆಕ್ಕಕ್ಕೆ ಬರುವುದಿಲ್ಲ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಸಿಯು ಕೊಡುವುದಿಲ್ಲ, ಐಡ್ಲಿಂಗ್ (ಕಾರು ನಿಂತಾಗ ಇಂಜಿನ್ ಓಡುವ ವೇಗ) ಏರಿಳಿಯುತ್ತದೆ. ಬಿರುಕು ಎಷ್ಟೋ ಸಲ ಪೈಪಿನ ಕೆಳಭಾಗದಲ್ಲಿರುತ್ತದೆ, ಬಗ್ಗಿಸಿ ನೋಡಿದರಷ್ಟೇ ಕಾಣುತ್ತದೆ.

ಇನ್ನೊಂದು, ಕೂಲೆಂಟ್ (ಇಂಜಿನ್ ತಣಿಸುವ ದ್ರವ) ತಾಪಮಾನದ ಸೆನ್ಸರ್. ಸಾಮಾನ್ಯವಾಗಿ ಇಂಜಿನ್ ಬಿಸಿಯಾದಂತೆ ಇದರ ರೆಸಿಸ್ಟೆನ್ಸ್ ಇಳಿಯಬೇಕು. ಹಲವು ಹಳೆಯ ಕಾರುಗಳಲ್ಲಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300. ಇಳಿಯದಿದ್ದರೆ ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು ಪೆಟ್ರೋಲ್ ಜಾಸ್ತಿ ಸುರಿಸುತ್ತದೆ. ಮೈಲೇಜ್ ಬೀಳುತ್ತದೆ, ಕಪ್ಪು ಹೊಗೆ ಬರುತ್ತದೆ. ಮಲ್ಟಿಮೀಟರ್ ಇದ್ದರೆ ಐದು ನಿಮಿಷದ ಕೆಲಸ.

ಸ್ಪಾರ್ಕ್ ಪ್ಲಗ್, ಫ್ಯೂಯೆಲ್ ಫಿಲ್ಟರ್, ತುಕ್ಕು ಹಿಡಿದ ಅರ್ಥ್ ವೈರ್ ಕೂಡ ನೋಡಿ. ಫ್ಯೂಯೆಲ್ ಲೈನ್ ಮಾತ್ರ ಒತ್ತಡ ಇಳಿಸದೆ ಬಿಚ್ಚಬೇಡಿ, ಬೆಂಕಿಯ ಅಪಾಯವಿದೆ.

ಇದೆಲ್ಲ ಸರಿಯಿದ್ದರೆ ಆಗ ಇಂಜೆಕ್ಟರ್ ಸರದಿ. ಆಗಲೂ ಮೊದಲು ಬಿಚ್ಚಿ ಕ್ಲೀನ್ ಮಾಡಿಸಿ, ಸ್ಪ್ರೇ ಪರೀಕ್ಷೆ ಮಾಡಿಸಿ.