ಎದುರಾಳಿಯಿಲ್ಲದ ಪಂದ್ಯ

1983ರ ವಿಶ್ವಕಪ್‌ನಲ್ಲಿ ರೋಜರ್ ಬಿನ್ನಿ 18 ವಿಕೆಟ್ ಪಡೆದರು. ಆ ಟೂರ್ನಿಯಲ್ಲಿ ಅಷ್ಟು ವಿಕೆಟ್ ಬೇರೆ ಯಾರಿಗೂ ಸಿಗಲಿಲ್ಲ. ಹದಿನೆಂಟು ಸಲವೂ ಎದುರಿಗೆ ಬ್ಯಾಟು ಹಿಡಿದ ಒಬ್ಬ ಮನುಷ್ಯ ನಿಂತಿದ್ದ ಎಂಬುದನ್ನು ನೆನಪಿಡಿ. ಏಕೆಂದರೆ 2022ರ ಅಕ್ಟೋಬರ್‌ನಲ್ಲಿ ಅದೇ ಬಿನ್ನಿ ಬಿಸಿಸಿಐ ಅಧ್ಯಕ್ಷರಾದಾಗ ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಹಾಗೆಂದು ಚುನಾವಣೆಯ ಶಾಸ್ತ್ರದಲ್ಲಿ ಲೋಪವಾಗಲಿಲ್ಲ. ಚುನಾವಣಾಧಿಕಾರಿಯಾಗಿ ಬಂದವರು ದೇಶದ ಮಾಜಿ ಮುಖ್ಯ ಚುನಾವಣಾ ಆಯುಕ್ತ ಎ.ಕೆ. ಜೋತಿ. 2019ರಲ್ಲಿ ಸೌರವ್ ಗಂಗೂಲಿ ಅವಿರೋಧವಾಗಿ ಆಯ್ಕೆಯಾದಾಗ ಆ ಹೊಣೆ ಹೊತ್ತವರು ಇನ್ನೊಬ್ಬ ಮಾಜಿ ಆಯುಕ್ತ ಎನ್. ಗೋಪಾಲಸ್ವಾಮಿ. ಕೋಟಿಗಟ್ಟಲೆ ಮತದಾರರನ್ನು ಕಂಡ ಹಿರಿಯರು ಒಂದು ಹುದ್ದೆಗೆ ಬಂದ ಒಂದೇ ನಾಮಪತ್ರವನ್ನು ಗಂಭೀರವಾಗಿ ಪರಿಶೀಲಿಸಬೇಕು. ಮದುವೆಗೆ ಗಂಡು ಹೆಣ್ಣು ಗೊತ್ತಾಗಿ, ಛತ್ರ ಹಿಡಿದು, ಲಾಡು ಕಟ್ಟಿದ ಮೇಲೆ ಜಾತಕ ತೋರಿಸಲು ಜೋಯಿಸರನ್ನು ಕರೆದ ಹಾಗೆ.

ನಿಜವಾದ ಪಂದ್ಯ ಮತಪೆಟ್ಟಿಗೆ ಬರುವ ಮುಂಚೆಯೇ ಮುಗಿದಿರುತ್ತದೆ. 2019ರಲ್ಲಿ ಸಂಜೆಯವರೆಗೂ ಅಧ್ಯಕ್ಷಗಾದಿಗೆ ಕೇಳಿಬರುತ್ತಿದ್ದ ಹೆಸರು ನಮ್ಮ ಕರ್ನಾಟಕದ ಬ್ರಿಜೇಶ್ ಪಟೇಲರದು. ರಾತ್ರಿ ಮುಂಬೈಯಲ್ಲಿ ಮಾತುಕತೆ ಮುಗಿಯುವಷ್ಟರಲ್ಲಿ ಅದು ಗಂಗೂಲಿಯಾಗಿತ್ತು. ಪಟೇಲರಿಗೆ ಐಪಿಎಲ್ ಅಧ್ಯಕ್ಷಗಿರಿ ಸಿಕ್ಕಿತು. ಮೂರು ವರ್ಷದ ನಂತರ ಗಂಗೂಲಿಯವರ ಸರದಿ. ಅವರು ಇಳಿದರು, ಕಾರ್ಯದರ್ಶಿ ಜಯ್ ಶಾ ಉಳಿದರು. ಅಧ್ಯಕ್ಷರಿಗೆ ಸಿಗುವುದು ಹೂಗುಚ್ಛ, ಕಪ್ ಕೊಡುವಾಗಿನ ಫೋಟೊ ಮತ್ತು ಪತ್ರಕರ್ತರ ಪ್ರಶ್ನೆ. ಉತ್ತರ ಇರುವುದು ಪಕ್ಕದ ಕುರ್ಚಿಯಲ್ಲಿ. ಆ ಪಕ್ಕದ ಕುರ್ಚಿ ಮುಂದೆ ಐಸಿಸಿ ಅಧ್ಯಕ್ಷಗಿರಿಗೆ ಬಡ್ತಿ ಪಡೆಯಿತು. ಅದೂ ಅವಿರೋಧವಾಗಿ ಎಂದು ಬೇರೆ ಹೇಳಬೇಕೆ!

ಕ್ರಿಕೆಟ್ ಆಡಳಿತದಲ್ಲಿ ಆಡಿದವರೂ ಇರಬೇಕು ಎಂದು ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿ ಹೇಳಿತ್ತು. ಮಂಡಳಿ ಅದನ್ನು ಶಿರಸಾವಹಿಸಿ ಪಾಲಿಸಿತು. ಆಟಗಾರರನ್ನು ತಂದು, ಆಟವನ್ನು ಹೊರಗಿಟ್ಟಿತು. ನಮ್ಮ ರಾಜ್ಯ ಸಂಸ್ಥೆಯಲ್ಲಿ 2010ರಲ್ಲಿ ಕುಂಬ್ಳೆ ಮತ್ತು ಶ್ರೀನಾಥ್ ಸದಸ್ಯರ ಮುಂದೆ ನಿಂತು, ಮತ ಕೇಳಿ, ಎಣಿಕೆಯಲ್ಲಿ ಗೆದ್ದು ಬಂದಿದ್ದರು. ಅಂತಹ ಒರಟು ಪದ್ಧತಿಯೆಲ್ಲ ರಾಜ್ಯ ಮಟ್ಟಕ್ಕೆ ಸರಿ. ಮೇಲೆ ಹೋದಂತೆ ನಾಗರಿಕತೆ ಹೆಚ್ಚುತ್ತದೆ, ಮತಪತ್ರ ಕಡಿಮೆಯಾಗುತ್ತದೆ.

ಬಿನ್ನಿಯವರನ್ನು ಔಟ್ ಮಾಡಲು ಕೊನೆಗೂ ಯಾವ ಮನುಷ್ಯನೂ ಬೇಕಾಗಲಿಲ್ಲ, ಕ್ಯಾಲೆಂಡರ್ ಸಾಕಾಯಿತು. 2025ರ ಜುಲೈ 19ಕ್ಕೆ ಅವರಿಗೆ 70 ತುಂಬಿತು. ವಯೋಮಿತಿಯ ನಿಯಮ ಬೆರಳೆತ್ತಿತು, ಅವರು ಎಂದಿನಂತೆ ಗೊಣಗದೆ ಹೊರನಡೆದರು. ಸೆಪ್ಟೆಂಬರ್‌ನಲ್ಲಿ ಮಿಥುನ್ ಮನ್ಹಾಸ್ ಬಂದರು, ಅವಿರೋಧವಾಗಿ. ಭಾರತ ತಂಡಕ್ಕೆ ಆಡುವ ಅವಕಾಶ ಅವರಿಗೆ ಕೊನೆಗೂ ಸಿಕ್ಕಿರಲಿಲ್ಲ. ಅಲ್ಲಿ ಸ್ಪರ್ಧೆ ಬಲು ಜೋರು, ನೋಡಿ.

ಅದೇ ಚುನಾವಣೆಯಲ್ಲಿ ಮಂಡಳಿಯ ಖಜಾಂಚಿಯಾದವರು ನಮ್ಮ ಎ. ರಘುರಾಮ್ ಭಟ್. 1981–82ರ ರಣಜಿ ಸೆಮಿಫೈನಲ್‌ನಲ್ಲಿ ಬಾಂಬೆಯ ಎದುರು ಹ್ಯಾಟ್ರಿಕ್ ಪಡೆದ ಎಡಗೈ ಸ್ಪಿನ್ನರ್. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವರ ಚೆಂಡು ತಿರುಗುತ್ತಿದ್ದ ಪರಿ ನೋಡಿ ಬಲಗೈ ಬ್ಯಾಟುಗಾರ ಗಾವಸ್ಕರ್ ಸ್ವತಃ ಎಡಗೈ ಆಟಗಾರನಾಗಿ ನಿಂತು ಆಡಿದ್ದರು. ಮುಂಬೈಯ ಚುನಾವಣೆಯಲ್ಲಿ ಭಟ್ಟರ ಎದುರು ಎಡಗೈಯಲ್ಲಾಗಲಿ ಬಲಗೈಯಲ್ಲಾಗಲಿ ನಿಲ್ಲಲು ಯಾರೂ ಬರಲಿಲ್ಲ.