ಅಘನಾಶಿನಿ ಹೊಳೆಯ ಹಳ್ಳಗಳಿಗೆ ಕಿರು ಜಲವಿದ್ಯುತ್ ಯೋಜನೆ ಬೇಕೇ?

ಪರ

ಜುಲೈ ತಿಂಗಳಲ್ಲಿ ಉತ್ತರ ಕನ್ನಡದ ಸಿದ್ದಾಪುರದ ಘಟ್ಟದಂಚಿನ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕು. ಗಾಳಿಗೆ ಮರ ಬಿದ್ದು ತಂತಿ ತುಂಡಾದರೆ ಕರೆಂಟು ಬರಲು ಮೂರು ದಿನವೂ ಹಿಡಿಯಬಹುದು, ಎಂಟು ದಿನವೂ ಹಿಡಿಯಬಹುದು. ಸೋಲಾರ್ ಹಾಕಿಸಿದ್ದರೂ ಬಿಸಿಲೇ ಇಲ್ಲ. ಮನೆಯ ಹಿಂದಿನ ಹಳ್ಳ ಮಾತ್ರ ಹಗಲೂ ರಾತ್ರಿ ಮೊರೆಯುತ್ತಿರುತ್ತದೆ.

ಈ ಭಾಗದ ಕೆಲವು ತೋಟಗಳಲ್ಲಿ ಆ ನೀರಿನಿಂದಲೇ ದೀಪ ಉರಿಯುತ್ತದೆ. ಗುಡ್ಡದಿಂದ ಇಳಿದ ನಾಲ್ಕು ಇಂಚಿನ ಪೈಪಿನ ತುದಿಯಿಂದ ಚಿಮ್ಮುವ ನೀರು ಚಕ್ರದ ಬಟ್ಟಲುಗಳಿಗೆ ಬಡಿಯುತ್ತದೆ, ಚಕ್ರ ಗಿರ್ರನೆ ತಿರುಗುತ್ತದೆ, ನೀರು ಮತ್ತೆ ಅದೇ ಹಳ್ಳ ಸೇರುತ್ತದೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಇಳಿದರೆ, ಅರ್ಧ ಶಕ್ತಿ ಪೋಲಾದರೂ ಸುಮಾರು 1 ಕಿಲೋವ್ಯಾಟ್ ಸಿಗುತ್ತದೆ. ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಗುಡ್ಡದ ಅಬ್ಬಿ ನೀರನ್ನು ಅಂಗಳಕ್ಕೆ ತಂದ ಊರುಗಳಿಗೆ ಇದೇನು ಹೊಸ ವಿದ್ಯೆಯಲ್ಲ.

ಇದನ್ನೇ ದೊಡ್ಡದಾಗಿ ಮಾಡಿ ಊರಿಗೂ ಗ್ರಿಡ್‌ಗೂ ವಿದ್ಯುತ್ ಕೊಟ್ಟರೆ ತಪ್ಪೇನು? ಕಾಳಿ ಹೊಳೆಯ ಸೂಪಾ ಅಣೆಕಟ್ಟಿಗೆ ಒಂದು ಊರೇ ಮುಳುಗಿತು. ಕಿರು ಯೋಜನೆಗೆ ಅಂಥ ಜಲಾಶಯ ಬೇಕಿಲ್ಲ, ಒಂದು ಒಡ್ಡು ಸಾಕು. ಕಲ್ಲಿದ್ದಲು ಸುಟ್ಟು ರಾಯಚೂರಿನಿಂದ ತಂತಿ ಎಳೆಯುವುದಕ್ಕಿಂತ ಕಣ್ಣೆದುರಿನ ನೀರನ್ನು ದುಡಿಸುವುದು ಮೇಲು. ಬೇಡ ಎನ್ನುವವರು ಮಳೆಗಾಲದ ಕತ್ತಲೆಗೆ ಬೇರೆ ದಾರಿ ತೋರಿಸಲಿ.

ವಿರೋಧ

ತೋಟದ ಆ ಚಕ್ರಕ್ಕೆ ನಮ್ಮ ತಕರಾರು ಖಂಡಿತ ಇಲ್ಲ, ಮನೆಮನೆಗೂ ಬರಲಿ. ತಕರಾರು ಇರುವುದು ‘ಕಿರು’ ಎಂಬ ಮಾತಿಗೆ. ಸರ್ಕಾರದ ಲೆಕ್ಕದಲ್ಲಿ 25 ಮೆಗಾವ್ಯಾಟ್ ವರೆಗಿನದೆಲ್ಲ ಕಿರು. ಎಂದರೆ ಆ ಚಕ್ರದ 25,000 ಪಾಲು! ಆದರೂ 25ಕ್ಕಿಂತ ಕಡಿಮೆ ಇದ್ದರೆ ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕಿಲ್ಲ. ಜನರನ್ನು ಕರೆದು ಅಹವಾಲು ಕೇಳುವ ಹಂಗೂ ಇಲ್ಲ.

24 ಮೆಗಾವ್ಯಾಟ್ ತೆಗೆಯಲು ಏನು ಬೇಕು? 100 ಮೀಟರ್ ಎತ್ತರವಿದ್ದರೂ ಸೆಕೆಂಡಿಗೆ ಸುಮಾರು 30,000 ಲೀಟರ್ ನೀರು. ನಮ್ಮ ಹಳ್ಳಗಳಲ್ಲಿ ಅಷ್ಟು ನೀರು ಕಾಣುವುದು ಜೋರು ಮಳೆಯಲ್ಲಿ ಮಾತ್ರ. ರಾಜ್ಯಕ್ಕೆ ವಿದ್ಯುತ್ ಹೆಚ್ಚು ಬೇಕಾಗುವ ಮಾರ್ಚ್, ಏಪ್ರಿಲ್‌ನಲ್ಲಿ ಯಂತ್ರ ಸುಮ್ಮನೆ ಕೂತಿರುತ್ತದೆ. ಅದಕ್ಕಾಗಿ ಕಡಿದ ಕಾಡು ಮಾತ್ರ ಹನ್ನೆರಡು ತಿಂಗಳೂ ಬೋಳು.

ನೀರು ಹಳ್ಳಕ್ಕೇ ಮರಳುತ್ತದೆ, ನಿಜ. ಎಲ್ಲಿ ಮರಳುತ್ತದೆ ಎಂದು ಕೇಳಿ. ಒಡ್ಡಿನಿಂದ ವಿದ್ಯುದಾಗಾರದ ತನಕ ಅದು ಕಾಲುವೆಯಲ್ಲೋ ಪೈಪಿನಲ್ಲೋ ಹೋಗುತ್ತದೆ. ನಡುವಿನ ಹಳ್ಳ ಮಳೆ ನಿಂತ ಕೆಲವೇ ವಾರಗಳಲ್ಲಿ ಬತ್ತತೊಡಗುತ್ತದೆ. ಬೇಸಿಗೆಯಲ್ಲಿ ಇಂಥ ಹಳ್ಳದ ಗುಂಡಿಯೊಂದರ ಪಕ್ಕ ಕೂತರೆ ತಿಳಿಯುತ್ತದೆ: ಮೊಣಕಾಲುದ್ದ ನೀರಿನಲ್ಲಿ ಮೀನುಮರಿಗಳು ಒತ್ತೊತ್ತಾಗಿ ಮುಂದಿನ ಮಳೆಗೆ ಕಾಯುತ್ತಿರುತ್ತವೆ, ಕಲ್ಲಿನ ಸಂದಿಯಲ್ಲಿ ಏಡಿ, ದಡದ ಕೆಸರಿನಲ್ಲಿ ಕಾಡುಪ್ರಾಣಿಗಳ ಹೆಜ್ಜೆ. ಆ ಗುಂಡಿಗಳು ಎರಡು ತಿಂಗಳು ಮೊದಲೇ ಆರಿದರೆ ಅವೆಲ್ಲ ಎಲ್ಲಿಗೆ ಹೋಗಬೇಕು?

ಈ ಕಣಿವೆ ಸಿಂಗಳೀಕಗಳದ್ದು. 2011ರಲ್ಲಿ ಅವುಗಳಿಗಾಗಿಯೇ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಮರದಿಂದ ಮರಕ್ಕೆ ಸಾಗುವ ಪ್ರಾಣಿಗೆ ವಿದ್ಯುತ್ ಮಾರ್ಗಕ್ಕೆಂದು ಮರ ಕಡಿದ ಜಾಗದ ಅಗಲವೇ ದಾಟಲಾಗದ ಗೋಡೆ.

ಒಂದು ಒಡ್ಡಿನಿಂದ ಹೊಳೆ ಸಾಯಲಿಕ್ಕಿಲ್ಲ. ಆದರೆ ಒಂದಕ್ಕೆ ಒಪ್ಪಿದರೆ ಅದರ ಕೆಳಗೆ ಇನ್ನೊಂದು ಬರುತ್ತದೆ. ಕಾಳಿಯಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಎಣಿಸುತ್ತಾ ಹೋಗಿದ್ದೇವೆ, ಶರಾವತಿಯನ್ನೂ ಕೊಟ್ಟಿದ್ದೇವೆ. ದೊಡ್ಡ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಅಘನಾಶಿನಿಯ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿ ಇಳಿತದ ಹೊತ್ತಿಗೆ ಕುಮಟಾ ಕಡೆಯ ಹೆಂಗಸರು ಸೊಂಟದ ಮಟ್ಟದ ನೀರಿಗಿಳಿದು ಬೆಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಾರೆ, ಹಿನ್ನೀರಿನಂಚಿನ ಗಜನಿ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಸಿಹಿನೀರು, ಉಪ್ಪುನೀರು ಬೆರೆಯುವ ಹದದ ಮೇಲೆ ನಿಂತ ಬದುಕು ಅದು. ಘಟ್ಟದ ಮೇಲೆ ಒಡ್ಡು ಕಟ್ಟುವ ಮೊದಲು ಅವರನ್ನೂ ಕೇಳಬೇಕು ಎನ್ನುವ ಕಾನೂನು ಬರಲಿ. ಅಲ್ಲಿಯವರೆಗೆ ತೋಟದ ಚಕ್ರಕ್ಕಿಂತ ದೊಡ್ಡದು ಯಾವುದೂ ಈ ಹೊಳೆಗೆ ಬೇಡ.