ಚೀಟಿ ಸಮಿತಿಯ ಪರವಾಗಿ ಎರಡು ಮಾತು

ಕಥೆಗಳಲ್ಲಿ ಬರುವ ಊರಿನವರನ್ನು ಓದುಗರು ಸುಮ್ಮಸುಮ್ಮನೆ ಕುರುಡರು, ಮೂಢರು ಅಂತ ಬೈಯುತ್ತಾರೆ. ಆ ಜನ ಎಂಥ ಸುಧಾರಣಾವಾದಿಗಳು ಅನ್ನುವುದನ್ನು ಒಬ್ಬರಾದರೂ ಗಮನಿಸಿದ್ದಾರಾ?

ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ 1948ರಲ್ಲಿ ಪ್ರಕಟಿಸಿದ ‘ದಿ ಲಾಟರಿ’ ಕಥೆಯ ಊರನ್ನೇ ನೋಡಿ. ಸುಮಾರು 300 ಜನ. ವರ್ಷಕ್ಕೊಮ್ಮೆ, ಜೂನ್ 27ರಂದು ಎಲ್ಲರೂ ಸೇರಿ ಚೀಟಿ ಎತ್ತುತ್ತಾರೆ. ಕಪ್ಪು ಚುಕ್ಕೆ ಬಂದವರನ್ನು ಕಲ್ಲು ಹೊಡೆದು ಕೊಲ್ಲುತ್ತಾರೆ. ಅದೊಂದು ಬಿಟ್ಟರೆ ಆಡಳಿತದಲ್ಲಿ ಕುಂದೇ ಇಲ್ಲ. ಹಿಂದೆ ಮರದ ಚಕ್ಕೆ ಹಾಕುತ್ತಿದ್ದರು. ಜನ ಹೆಚ್ಚಾಗಿ ಪೆಟ್ಟಿಗೆಯಲ್ಲಿ ಹಿಡಿಸದಾದಾಗ ಕಾಗದದ ಚೀಟಿ ತಂದರು. ರಾಗವಿಲ್ಲದೆ ಒಪ್ಪಿಸುತ್ತಿದ್ದ ಪಾಠ ಬಿಟ್ಟೇಹೋಯಿತು. ಮೂಲ ಪೆಟ್ಟಿಗೆ ಯಾವಾಗಲೋ ಕಳೆದುಹೋಯಿತು. ಬೆಳಿಗ್ಗೆ 10ಕ್ಕೆ ಶುರುವಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರೂ ಮನೆಯಲ್ಲಿ. ಇಷ್ಟೆಲ್ಲ ಬದಲಾಯಿಸಿದವರು ಉಳಿಸಿಕೊಂಡದ್ದು ಕಲ್ಲೊಂದನ್ನು ಮಾತ್ರ. ಅದನ್ನೂ ಬಿಡಿ ಅಂದರೆ ಹೇಗೆ ಸ್ವಾಮಿ?

ಪಕ್ಕದೂರಲ್ಲಿ ಇದನ್ನು ನಿಲ್ಲಿಸುವ ಮಾತು ನಡೆದಿದೆಯಂತೆ ಅಂತ ಯಾರೋ ಅಂದದ್ದೇ ತಡ, ಮುದುಕ ವಾರ್ನರ್ ಸಿಡುಕುತ್ತಾನೆ: ಹುಚ್ಚರು, ನಾಳೆ ಗುಹೆಯಲ್ಲಿ ಬದುಕೋಣ ಅಂತಾರೆ! ಅವನಿಗಿದು 77ನೇ ಸಲ. ಅಷ್ಟು ಅನುಭವಕ್ಕೆ ಬೆಲೆ ಬೇಡವೇ? ಹಿಂದಿನ ವರ್ಷಗಳಲ್ಲಿ ಚುಕ್ಕೆ ಬಂದವರ್ಯಾರೂ ಅವನ ಮಾತಿಗೆ ಎದುರಾಡಿಲ್ಲ, ಗಮನಿಸಿ.

ಅದೇ ಊರಿನ ಗೃಹಿಣಿ ಟೆಸ್ಸಿಯದು ಇನ್ನೂ ಸೊಗಸು. ಪಾತ್ರೆ ತೊಳೆದು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ, ನಗುತ್ತ ತಡವಾಗಿ ಬಂದವಳು ಅವಳು. ಮೊದಲ ಸುತ್ತಿನ ಚೀಟಿ ತನ್ನ ಮನೆಗೇ ಬಿದ್ದು, ಇನ್ನು ಮನೆಯವರಲ್ಲೇ ಒಬ್ಬರನ್ನು ಆರಿಸಬೇಕಾದಾಗ ‘ಇದು ಅನ್ಯಾಯ’ ಅಂತ ಜ್ಞಾನೋದಯವಾಗುತ್ತದೆ. ಆಮೇಲೆ ಏನು ಕೇಳುತ್ತಾಳೆ? ಚೀಟಿ ನಿಲ್ಲಿಸಿ ಅಂತಲ್ಲ, ಮದುವೆಯಾದ ಮಗಳು-ಅಳಿಯನನ್ನೂ ಲೆಕ್ಕಕ್ಕೆ ಸೇರಿಸಿ ಅಂತ. ಪಾಲು ಹೆಚ್ಚಾದರೆ ತನ್ನ ಭಯ ಕಮ್ಮಿ. ಮದುವೆಯಾದ ಹೆಣ್ಣು ಗಂಡನ ಮನೆಯವರ ಜೊತೆ ಎತ್ತಬೇಕು ಎನ್ನುವ ನಿಯಮ ಅಡ್ಡ ಬಂತು. ಅಷ್ಟು ಹೊತ್ತು ಜೊತೆ ನಿಂತು ನಕ್ಕಿದ್ದ ಗೆಳತಿಯೇ ಎರಡೂ ಕೈ ಬೇಕಾಗುವಂಥ ಕಲ್ಲು ಆರಿಸಿಕೊಂಡಳು. ಇವರನ್ನು ಕುರುಡರು ಅಂತೀರಾ? ಎಲ್ಲರ ಕಣ್ಣೂ ಚೆನ್ನಾಗಿಯೇ ಇದೆ. ಸದ್ಯಕ್ಕೆ ಚುಕ್ಕೆ ತಮ್ಮದಲ್ಲ, ಅಷ್ಟೇ.

ಅನಂತಮೂರ್ತಿಯವರ ‘ಸಂಸ್ಕಾರ’ದ ದೂರ್ವಾಸಪುರವೂ ಇದೇ ಜಾತಿಯ ದಕ್ಷ ಊರು. ಆಚಾರ ಬಿಟ್ಟು ಬದುಕಿದ ಬ್ರಾಹ್ಮಣ ನಾರಣಪ್ಪನ ಹೆಣ ನಾರುತ್ತಿದೆ, ಸಂಸ್ಕಾರ ಮಾಡಬೇಕಾದವರು ಯಾರೆಂದು ತಾಳೆಗರಿ ಹೇಳುತ್ತಿಲ್ಲ. ಅವನ ಜೊತೆ ಬಾಳಿದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ಮೈಮೇಲಿನ ಬಂಗಾರ ಬಿಚ್ಚಿಟ್ಟಾಗ ಮಾತ್ರ ಧರ್ಮಸೂಕ್ಷ್ಮ ಒಮ್ಮೆಲೇ ಸಡಿಲವಾಯಿತು. ಕೊನೆಗೆ ಅವಳು ರಾತ್ರೋರಾತ್ರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣ ಸುಟ್ಟು ಹೊರಟುಹೋದಳು. ಇದು ಗೊತ್ತಿಲ್ಲದ ಹಿರಿಯರು ಬೂದಿಯಾದ ಹೆಣಕ್ಕೆ ತೀರ್ಪು ಕೇಳುತ್ತ ಊರೂರು ಅಲೆದರು.

ಇನ್ನು ಓದುಗ ಮಹಾಶಯರು. ‘ಲಾಟರಿ’ ಅಚ್ಚಾದ ಆ ಬೇಸಿಗೆಯಲ್ಲಿ ಜಾಕ್ಸನ್‌ಗೆ 300ಕ್ಕೂ ಹೆಚ್ಚು ಪತ್ರ ಬಂದವು. ಒಳ್ಳೆಯ ಮಾತಿದ್ದವು 13, ಅವೂ ಬಹುಪಾಲು ಸ್ನೇಹಿತರದ್ದು. ಕಥೆಯ ಅರ್ಥಕ್ಕಿಂತ ಮೊದಮೊದಲು ಜನರಿಗೆ ಬೇಕಾಗಿದ್ದದ್ದು ಬೇರೆಯೇ ಮಾಹಿತಿ ಅಂತ ಆಕೆಯೇ ಆಮೇಲೆ ಹೇಳಿಕೊಂಡಿದ್ದಾರೆ: ಇಂಥ ಲಾಟರಿ ನಡೆಯುವುದು ಎಲ್ಲಿ, ಹೋಗಿ ನೋಡಬಹುದೇ?

ಬನ್ನಿ, ಕಲ್ಲು ತರುವುದೇನೂ ಬೇಡ, ಹುಡುಗರು ಮೊದಲೇ ರಾಶಿ ಹಾಕಿಟ್ಟಿರುತ್ತಾರೆ ಅಂತ ಸಮಿತಿಯವರು ಒಂದು ಸಾಲು ಬರೆಯಬಹುದಿತ್ತು.